ಹೊಳೆಯೋ ಕಡೆ ನೋಡು

ತುಕ್ಕಿಗೆ ಹೆದರಬೇಡ ಪಳನಿವೇಲು,
ತುಕ್ಕು ಬಾಯಿಬಡುಕ.
ಬಂದ ದಿನವೇ ಕೆಂಪಗೆ ಜಗಲಿ ಮೇಲೆ ಕೂತು
ಬಂದೀನಿ ಅಂತ ಊರಿಗೆಲ್ಲ ಸಾರುತ್ತೆ.
ತಂತಿ ಬ್ರಷ್ಷು, ಅರ್ಧ ಲೀಟರ್ ಡೀಸೆಲ್,
ಅದರ ಮಾತು ಮುಗೀತು.

ಹೊಳೆಯೋ ಕಡೆ ನೋಡು.
ಪಿನ್ನಿನ ನಡುವಿನಲ್ಲಿ, ಹೊಸ ಕಾಲುಂಗುರದ ಹಂಗೆ
ಮಿಂಚ್ತಾ ಐತಲ್ಲ ಒಂದು ಸುತ್ತು,
ಕಬ್ಬಿಣ ಅಲ್ಲಿಂದ ಎದ್ದು ಹೋಗ್ತಾ ಐತೆ
ಯಾರಿಗೂ ಹೇಳದೆ.

ಬ್ರೇಕ್ ಒತ್ತಿದಾಗ ಒಂದು ಟಕ್,
ಬಿಟ್ಟಾಗ ಇನ್ನೊಂದು, ಅಷ್ಟೇ ಅಂತೀಯ.
ಅಷ್ಟೇ ಅಂದ್ರೆ ಎಷ್ಟು ಅಂತ ಕೇಳೋಕೇ
ಈ ವರ್ನಿಯರ್ ಇಟ್ಟಿರೋದು.
ಹುಟ್ಟಿದಾಗ ಐವತ್ತು ಪಾಯಿಂಟ್ ಎಂಟು.
ಈಗ ನಲವತ್ತೆಂಟು ಪಾಯಿಂಟ್ ಆರು.
ಒಂದು ರಾಗಿಕಾಳು ಆರಾಮಾಗಿ ಉರುಳಾಡೋವಷ್ಟು ಜಾಗ.
ಆ ಜಾಗದಲ್ಲಿ, ಅಣ್ಣಾ,
ನೀನು ತಂದ ಗಾಳಿಯಂತ್ರದ ರೆಕ್ಕೆ
ಚೆನ್ನೈಯಿಂದ ಹಿಂದಕ್ಕೂ ಮುಂದಕ್ಕೂ ಓಡಾಡಿ ಬಂದೈತೆ.

ನೋಡು, ಹೆಂಗೆ ಮಲಗೈತೆ ಅದು,
ತಲೆ ನನ್ನ ಶೆಡ್ಡಿಗೆ, ಬಾಲ ಪಂಚರ್ ಅಂಗಡಿ ದಾಟಿ
ಗೌರಮ್ಮನ ಟೀ ಕ್ಯಾಂಟೀನಿಗೆ,
ಜೋಗಿಮಟ್ಟಿ ಮೇಲೆ ತಿರುಗೋ ಅಣ್ಣತಮ್ಮಂದಿರನ್ನ ನೋಡ್ತಾ.

ಎದುರಿನ ಸ್ಕೂಲ್ ಗೋಡೆ ಮೇಲೆ ಬರೆಸ್ಯಾರೆ,
ತುಕ್ಕು ಹಿಡಿಯೋದಕ್ಕಿಂತ ಸವೆಯೋದು ಲೇಸು ಅಂತ.
ಮೇಷ್ಟ್ರನ್ನ ಒಂದಿನ ಕೇಳಿದೆ,
ಎರಡೂ ಒಂದೇ ಪಿನ್ನಿಗೆ ಬಂದ್ರೆ ಸಾರ್?
ನಕ್ಕು, ಸ್ಕೂಟರ್ ಒದ್ದು ಹೋದ್ರು.

ನಗೋ ಮಾತಲ್ಲ. ಬಾ, ಒಳಗೆ ಬಾ.
ಬಿಲ್ಲುಗಳ ಮೇಲೆ ಭಾರಕ್ಕೆ ಇಟ್ಟೀನಲ್ಲ ಈ ತುಂಡು,
ಕೈಯಲ್ಲಿ ಹಿಡಿ.
ಗಣಿ ನಿಂತಾಗ ಹೊಳಲ್ಕೆರೆ ರಸ್ತೇಲಿ
ಎರಡು ಮಳೆಗಾಲ ನಿಂತಿದ್ದ ಗಾದ್ರಪ್ಪನ ಟ್ರೇಲರಿಂದು.
ಕೊಕ್ಕೆಯ ದವಡೆ ಕಚ್ಚಿಕೊಂಡು ಬಿಡದೆ
ಹಾರೆ ಹಾಕಿ ಮೀಟಿ ಬಿಡಿಸಿದ್ದೆ.
ಹೊಸದು ಬೇಡ, ತುಂಬಿಸಿ ಕೊಡು ಅಂದ ಗಾದ್ರಪ್ಪ.
ತುಂಬಿಸಿದೆ. ನಾಲ್ಕು ರಾಡು ಉರಿಸಿ, ಗ್ರೈಂಡರ್ ಹಿಡಿದು
ಹೊಸದಕ್ಕಿಂತ ಹೊಸದು ಮಾಡಿದೆ.
ಮೇಲೆ ಅಂಗೈ ತುಂಬ ಗ್ರೀಸು.
ಗ್ರೀಸು ಸದ್ದು ಅಡಗಿಸುತ್ತೆ,
ಸಂದು ಮುಚ್ಚಲ್ಲ.
ಇಪ್ಪತ್ತೆರಡು ವರ್ಷ ನನಗೆ ಆಗ,
ಗೊತ್ತಿರಲಿಲ್ಲ ಅಂತ ಹೇಳಲಾರೆ.

ಮೇಟಿಕುರ್ಕೆ ಹತ್ರ, ಇಳಿಜಾರು.
ಡ್ರೈವರ್ ಕೆಂಚಪ್ಪಗೆ ಮೊದಲು ಅನ್ನಿಸಿದ್ದು
ಗಾಡಿ ಎಷ್ಟು ಹಗುರ ಎಳೀತಾ ಐತೆ ಅಂತ.
ಆಮೇಲೆ ಕನ್ನಡಿ ನೋಡ್ಯಾನೆ.
ಗಾಳಿ ಪೈಪು ಹರಿದು, ಬ್ರೇಕು ತಾನೇ ಹಿಡಿದು
ಕಿರುಚ್ಕೊಂಡು ಬಂದ ಟ್ರೇಲರು
ರಸ್ತೆ ಬಿಟ್ಟು ಶೇಂಗಾ ಹೊಲದಾಗೆ ಮೊಣಕಾಲೂರಿತು.
ಜನ ಯಾರೂ ಸಾಯಲಿಲ್ಲ.
ಒಂದು ಮೇಕೆ.
ದುಡ್ಡು ನಾನೇ ಕೊಟ್ಟೆ. ಆ ಹೆಂಗಸು ಎಣಿಸಲೇ ಇಲ್ಲ,
ಸೆರಗಿಗೆ ಕಟ್ಟಿಕೊಂಡು
ಹಗ್ಗ ಒಂದನ್ನೇ ಎಳ್ಕೊಂಡು ಹೋದಳು.

ಮುರಿದ ಮುಖ ಬೆಳಕಿಗೆ ಹಿಡಿ.
ಸುತ್ತ ಬೆಳ್ಳಗೆ, ನನ್ನ ವೆಲ್ಡಿಂಗು.
ಒಳಗೆ, ಬಿರುಕಿನ ಗೋಡೆ ಮೇಲೆ
ಚಿಕ್ಕ ಕೆಂಪು ನಾಲಿಗೆ ಕಾಣುತ್ತಾ?
ಒಡೆಯೋದಕ್ಕೆ ಎಷ್ಟೋ ತಿಂಗಳ ಹಿಂದಿನ ತುಕ್ಕು.
ಬಾಯಿಬಡುಕ ಅಂದೆನಲ್ಲ,
ಒಳಗೂ ಹೇಳ್ತಾನೇ ಇತ್ತು.
ಬಾಯಿಗೆ ಬೆಸುಗೆ ಹಾಕಿದ್ದು ನಾನು.

ಹೊಸ ಪಿನ್ನು ದಾವಣಗೆರೆಯಿಂದ ಬರಬೇಕು,
ನಾಳೆ ಹತ್ತರ ಬಸ್ಸಿಗೆ ಹಾಕಿಸ್ತೀನಿ.
ದವಡೆಯ ಎರಡು ಪಾಲೂ ಬದಲಿಸಬೇಕು,
ಒಂದು ಹೊಸದು ಒಂದು ಹಳೇದು ಆದ್ರೆ
ಹಳೇದು ಹೊಸದನ್ನ ತಿನ್ನುತ್ತೆ.
ರಾತ್ರಿ ರೆಕ್ಕೆ ಕೆಳಗೇ ಮಲಗು, ಅಲ್ಲಿ ಸೊಳ್ಳೆ ಕಮ್ಮಿ.
ಗುಡ್ಡದ ಗಾಳಿ ಬಿಟ್ರೆ ಅದು ಸ್ವಲ್ಪ ನರಳುತ್ತೆ,
ಕಾಲೂರಿ ನಿಲ್ಲಿಸೀನಿ, ಏನಾಗಲ್ಲ.

ಏನಂತಾರೆ ನಿಮ್ಮ ಓನರ್ರು?
ಈ ಟ್ರಿಪ್ ಒಂದಕ್ಕೆ ತುಂಬಿಸಿ ಕೊಡಲಿ ಅಂತಾರಾ?
ತಮಿಳು ನಂಗೆ ಅಷ್ಟು ಬರಲ್ಲ.
ಆದ್ರೂ ಕೊಡು ಇತ್ತ ಫೋನು.